ಬಿಸಿಲಿಗೆ ಕಾಲಂ ಇಲ್ಲ

ನೆರಳು ಹಾದುಹೋಯಿತು, ಕಾಗೆಯದ್ದೋ ಮೋಡದ್ದೋ, ಚಾಪೆಯ ಮೇಲಿನ ಹಪ್ಪಳಗಳೆಲ್ಲ ಒಮ್ಮೆ ಮಂಕಾಗಿ ಮತ್ತೆ ಬೆಳಗಿದವು, ತಲೆ ಎತ್ತಿ ನೋಡಬೇಕು, ಕುತ್ತಿಗೆ ಒಪ್ಪುವುದಿಲ್ಲ, ಬೆಳಗ್ಗಿನಿಂದ ಬೇಯಿಸಿದ ಹಲಸಿನ ತೊಳೆ ಗುದ್ದಿ ಗುದ್ದಿ ಒನಕೆ ಹೆಗಲೊಳಗೇ ಉಳಿದುಬಿಟ್ಟ ಹಾಗಾಗಿದೆ — ಮೇ ತಿಂಗಳು ಅರ್ಧ ಕಳೆಯಿತು, ಕಾಯಿ ಹಣ್ಣಾಗುವ ಮೊದಲು, ಮಳೆ ಹಿಡಿಯುವ ಮೊದಲು, ಸಿಕ್ಕಿದ ಬಿಸಿಲೇ ಬಿಸಿಲು, ನಮ್ಮೂರು ಮಂಡೆಕೋಲಿನಲ್ಲಿ ಈಗ ಯಾವ ಅಂಗಳ ನೋಡಿದರೂ ಚಾಪೆ, ಚಾಪೆಯ ಮೇಲೆ ಹಪ್ಪಳ, ಆದರೆ ಇಷ್ಟು ಚಾಪೆ ಇರುವುದು ಇಲ್ಲಿ ಮಾತ್ರ, ಶೀಲಾವತಿಯಕ್ಕನ ಅಂಗಳದಲ್ಲಿ. ಜಗಲಿಯ ಅಂಚಿಗೆ ಒರಗಿ ನಾನು, ಮಡಿಲಲ್ಲಿ ಲ್ಯಾಪ್‌ಟಾಪ್, ಅದರ ಬಿಸಿ ಒಂದು ಕಡೆ, ಒಲೆಯ ಬಿಸಿ ಇನ್ನೊಂದು ಕಡೆ, ಬೆರಳಿಗೆ ಅಂಟಿದ ಉಪ್ಪುಖಾರ ಕೀಲಿಗಳ ಮೇಲೆಲ್ಲ ಒಣಗಿ ಕೂತಿದೆ, ಇದಕ್ಕೆ ವಾರಂಟಿ ಉಂಟಾ ಅಂತ ಜತ್ತಪ್ಪಣ್ಣ ಆಗ ಕೇಳಿದ್ದು, ಕೇಳಿ ತಾನೇ ನಕ್ಕದ್ದು, ಶೀಲಾವತಿಯಕ್ಕನ ಗಂಡ ಅವನು, ಮಾವಿನ ಬುಡದಲ್ಲಿ ಕೂತು ಕೈಗೆ ತೆಂಗಿನೆಣ್ಣೆ ಬಳಿದುಕೊಂಡು ಹಲಸಿನಕಾಯಿ ಸೀಳುತ್ತಿದ್ದಾನೆ, ಸೀಳಿದ ಕಾಯಿಯಿಂದ ಒಸರುವ ಅಂಟು ಮಯಣ ಬಾಳೆಎಲೆಗೆ ಒರೆಸುತ್ತ ಯಾರಿಗಾದರೂ ಏನಾದರೂ ಹೇಳುತ್ತಲೇ ಇರುತ್ತಾನೆ. ನೆರೆಮನೆಯ ಲೋಲಾಕ್ಷಿಯಕ್ಕ ಒತ್ತುಮಣೆಯ ಹತ್ತಿರ. ಉಂಡೆ ಇಡುವುದು, ಹಿಡಿ ಒತ್ತುವುದು, ಪ್ಲಾಸ್ಟಿಕ್ ಹಾಳೆ ಎತ್ತುವುದು, ಚಾಪೆಗೆ ಕವುಚುವುದು, ಮಣಿಕಟ್ಟು ಒಂದು ಸಲ ತಿರುಗಿದರೆ ಒಂದು ಹಪ್ಪಳ, ನಡುವೆ ಉಸಿರು ಬಿಟ್ಟದ್ದೂ ಗೊತ್ತಾಗುವುದಿಲ್ಲ. ಚಾಪೆಗಳ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶೀಲಾವತಿಯಕ್ಕ, ಎಡಗೈಯಲ್ಲಿ ಕಾಗೆ ಓಡಿಸುವ ಬೆತ್ತ, ಬಲಗೈ ಮಡಿಲಲ್ಲಿ, ಯಾರೋ ಅಲ್ಲಿ ಇಟ್ಟುಹೋದ ಹಾಗೆ.

ಸಂಜೆಯೊಳಗೆ ಹರ್ಷಿತ್ ಫೋನ್ ಮಾಡುತ್ತಾನೆ. ಯಾವುದು ಅಂತ ಇವತ್ತು ಹೇಳಲೇಬೇಕು. ಪುತ್ತೂರಿನಲ್ಲಿ ಅವನದೊಂದು ಸಣ್ಣ ಆಫೀಸು, ಮದುವೆ ಕಾಗದ ಮಾಡಿಕೊಡುವುದೂ ಅಲ್ಲೇ, ವೆಬ್‌ಸೈಟು ಮಾಡಿಕೊಡುವುದೂ ಅಲ್ಲೇ, ನಮ್ಮ ಹೆಂಗಸರ ಬಳಗದ ಈಗಿನ ಆನ್‌ಲೈನ್ ಅಂಗಡಿ ಅವನೇ ಕೈಯಲ್ಲಿ ಬರೆದದ್ದು, ಒಂದೊಂದು ಸಾಮಾನಿಗೆ ಒಂದೊಂದು ಪುಟ, ಮೊದಲು ನಾಲ್ಕೇ ಸಾಮಾನು ಇದ್ದಾಗ ಸಾಕಿತ್ತು, ಆಮೇಲೆ ಬೆಟ್ಟಂಪಾಡಿಯಿಂದ ಶಂಕರಿಯಕ್ಕನ ಮಿಡಿ ಉಪ್ಪಿನಕಾಯಿ ಬಂತು, ಕೊಯಿಲದಿಂದ ಪುನರ್ಪುಳಿ ಶರಬತ್ತು ಬಂತು, ಒಣಗಿಸಿದ ಹಲಸಿನ ಬೀಜದ ಸಾಂತಾಣಿ ಬಂತು, ಹಪ್ಪಳವೇ ಖಾರದ್ದು, ಸಪ್ಪೆಯದ್ದು, ಎಳ್ಳು ಹಾಕಿದ್ದು, ದಪ್ಪ, ತೆಳು, ಇಂತಿಂಥ ಪಿನ್‌ಕೋಡಿಗೆ ಬಾಟಲಿ ಕಳಿಸಲಿಕ್ಕಿಲ್ಲ, ಇಂತಿಂಥದ್ದು ಬೇಸಿಗೆಗೆ ಮಾತ್ರ — ಈಗ ಒಂದು ಬೆಲೆ ತಿದ್ದಿದರೆ ಇನ್ನೆಲ್ಲೋ ಚಿತ್ರ ಹಾರಿಹೋಗುತ್ತದೆ, ಮುಗಿದುಹೋದ ಉಪ್ಪಿನಕಾಯಿಗೆ ಆರ್ಡರ್ ಬರುತ್ತದೆ, ನಾನು ಕೂತು ಒಬ್ಬೊಬ್ಬರಿಗೆ ಕ್ಷಮಿಸಿ ಅಂತ ಬರೆಯುವುದು. ಇದಕ್ಕೆ ಸರಿಯಾದ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಬೇಕು ಭವಿತಕ್ಕಾ, ಅಂಗಡಿಯ ಕಪಾಟು, ಬೋರ್ಡು, ತಕ್ಕಡಿ ಎಲ್ಲ ಅದೇ, ಹಳೆಯದು ತಿಂಗಳ ಕೊನೆಗೆ ಬಂದ್ ಆಗುದು, ಅಷ್ಟರೊಳಗೆ ನೀವೆಲ್ಲ ಕೂತು ಆರಿಸಿ, ಅಂದ ಹರ್ಷಿತ್. ನಾವೆಲ್ಲ ಕೂತದ್ದೂ ಆಯಿತು, ಶಂಕರಿಯಕ್ಕನ ಮನೆಯ ಜಗಲಿಯಲ್ಲಿ, ಮೂರು ತಾಲೂಕಿನ ಹೆಂಗಸರು ಸಜ್ಜಿಗೆ ಅವಲಕ್ಕಿ ತಿಂದು, ನೀನು ಕಾಲೇಜು ಮಾಡಿದವಳಲ್ವಾ ಭವಿತಾ, ನೀನೇ ನೋಡು, ಅಂತ ಎದ್ದುಹೋದದ್ದೂ ಆಯಿತು. ಎರಡು ಉಂಟು. ಒಂದು ಬಾಡಿಗೆಯದ್ದು, ತಿಂಗಳು ತಿಂಗಳು ಕೊಟ್ಟರೆ ಕಟ್ಟಿದ ಅಂಗಡಿ, ಗುಡಿಸಿ ಸಾರಿಸಿ ಅವರೇ ಇಟ್ಟಿರುತ್ತಾರೆ, ಮೊಬೈಲಿನಲ್ಲೇ ನಡೆಯುತ್ತದೆ, ಆದರೆ ಮಾರುವವರು ಒಬ್ಬರೇ, ಬಳಗದ ಹಪ್ಪಳ ಅಂತ ಒಂದೇ ಸಾಮಾನು, ಯಾರ ಹೆಸರೂ ಇಲ್ಲ, ಒಂದು ಸಾಮಾನಿಗೆ ಮೂರೇ ಭೇದ ಕೊಡ್ಲಿಕ್ಕೆ ಆಗುದು ಅಕ್ಕ, ನಿಮ್ಮದು ಹದಿಮೂರು ಉಂಟು, ಅನ್ನುತ್ತಾನೆ ಹರ್ಷಿತ್. ಇನ್ನೊಂದು ಸ್ವಂತದ್ದು, ಪುಕ್ಕಟೆ ಸಿಗುತ್ತದೆ, ನಮಗೆ ಬೇಕಾದ ಹಾಗೆ ಗೋಡೆ ಒಡೆಯಬಹುದು, ಒಬ್ಬೊಬ್ಬರಿಗೂ ಒಂದೊಂದು ಬಾಗಿಲು, ಒಬ್ಬೊಬ್ಬರ ಹೆಸರು, ಅವರವರ ದಾಸ್ತಾನು, ಅವರವರ ಖಾತೆ, ಆದರೆ ಮಾಡು ಸೋರಿದರೆ ಹತ್ತಬೇಕಾದವರೂ ನಾವೇ. ನಾವೇ ಅಂದರೆ ನಾನೇ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಹೋದ ವಾರ ಪರೀಕ್ಷೆಗೆ ಅಂತ ಆ ಸ್ವಂತದ್ದನ್ನು ಹರ್ಷಿತ್ ತೆರೆದುಕೊಟ್ಟ, ತುಂಬಿಸಿ ನೋಡಿ ಅಂದ, ನಾನು ತುಂಬಿಸಿದೆ, ಮಾರುವವರು ಅಂತ ಇದ್ದ ಚೌಕದಲ್ಲಿ ಅಂಗಳದ ಹೆಸರು ಹಾಕುತ್ತ ಹೋದೆ, ಬೇರೆ ಹೇಗೆ ಹಾಕುವುದು, ಹಪ್ಪಳ ಯಾವ ಅಂಗಳದಲ್ಲಿ ಒಣಗಿತೋ ಅದು ಆ ಮನೆಯದ್ದು, ಅಷ್ಟೇ, ನನ್ನ ಅಮ್ಮನಿಗೂ ಅಷ್ಟೇ, ಅತ್ತೆಗೂ ಅಷ್ಟೇ. ಇವತ್ತು ನಮ್ಮಲ್ಲಿ ಹಪ್ಪಳ ಅಂದರೆ ನೆರೆಯವರೆಲ್ಲ ಬರುತ್ತಾರೆ, ಒಬ್ಬಳು ಬೇಯಿಸುತ್ತಾಳೆ, ಒಬ್ಬಳು ಗುದ್ದುತ್ತಾಳೆ, ಒಬ್ಬಳು ಉಂಡೆ ಕಟ್ಟುತ್ತಾಳೆ, ನಾಳೆ ಅವರಲ್ಲಿಗೆ ನಾವು, ಮುಯ್ಯಿಗೆ ಮುಯ್ಯಿ, ಕೆಲಸಕ್ಕೆ ಕೆಲಸ, ಯಾರೂ ಬರೆದಿಡುವುದಿಲ್ಲ, ಬರೆದರೆ ಅದು ಕೂಲಿ ಆಯಿತು. ಅವತ್ತು ಇದೇ ಅಂಗಳದಲ್ಲಿ ಹಾಕಿದ ಹಪ್ಪಳ ಅರ್ಧ ಒಣಗುವಾಗ ಮಳೆ ಬಂತು, ಚಾಪೆ ಸಮೇತ ಎತ್ತಿಕೊಂಡು ಗದ್ದೆಬದುವಿನ ಹುಣಿಯಲ್ಲಿ ಓಡಿದೆವು, ಪಕ್ಕದ ಲೋಲಾಕ್ಷಿಯಕ್ಕನ ಮನೆಯಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಉಂಟು, ಉಳಿದರ್ಧ ಅಲ್ಲಿ ಒಣಗಿತು, ನಾನು ಎರಡೂ ಅಂಗಳ ಬರೆದೆ, ಆ ಸಿಸ್ಟಂ ಎರಡೂ ಕಡೆ ಪೂರ್ತಿ ಉಂಟೆಂದು ತಿಳಿದುಕೊಂಡಿತು, ಹರ್ಷಿತ್ ಆ ಪರೀಕ್ಷೆಯ ಅಂಗಡಿಯನ್ನು ಗಿರಾಕಿಗಳಿಗೆ ಕಾಣದ ಹಾಗೆ ಮುಚ್ಚಿಡದೆ ಹಾಗೇ ಬಿಟ್ಟಿದ್ದ, ರಾತ್ರಿಯೊಳಗೆ ಒಂದೇ ಹಪ್ಪಳ ಎರಡು ಸಲ ಮಾರಾಟವಾಯಿತು. ಮಾರನೇ ದಿನ ಅವನು ಬೈಕ್ ಹತ್ತಿ ಇಲ್ಲಿಗೇ ಬಂದ, ಇದೇ ಜಗಲಿ, ಬೆಲ್ಲ ನೀರು ಕುಡಿದು ಕೇಳಿದ, ಈ ಹಪ್ಪಳ ಯಾರದ್ದು. ಶೀಲಾವತಿಯಕ್ಕನದ್ದು, ಎಲ್ಲರೂ ಒಟ್ಟಿಗೇ ಹೇಳಿದೆವು. ಒಣಗಿದ್ದು ಆಚೆ ಅಲ್ವಾ. ಮೊದಲ ಬಿಸಿಲು ಬಿದ್ದದ್ದು ಇಲ್ಲಿ ಮಾರಾಯ, ಅಂದ ಜತ್ತಪ್ಪಣ್ಣ, ಇಷ್ಟೂ ಗೊತ್ತಿಲ್ಲವಾ ಎಂಬಂತೆ. ಬಿಸಿಲಿಗೆ ಕಾಲಂ ಇಲ್ಲ ಜತ್ತಪ್ಪಣ್ಣ ಇದರಲ್ಲಿ, ಒಬ್ಬರ ಹೆಸರು ಮಾತ್ರ ತಗೊಳ್ಳುದು. ನಕ್ಕೆವು, ಅವನೂ ನಕ್ಕ, ನಗುತ್ತಲೇ ಕೇಳಿದ, ಅದೆಲ್ಲ ಬಿಡಿ, ಒತ್ತಿದ್ದು ಯಾರು ಹೇಳಿ, ಅವರ ಹೆಸರು ಹಾಕುವ. ಅಂಥದ್ದೊಂದು ಪ್ರಶ್ನೆಯನ್ನು ಈ ಊರಿನಲ್ಲಿ ಯಾರೂ ಯಾರಿಗೂ ಕೇಳಿದ್ದಿಲ್ಲ. ಲೋಟ ಕೆಳಗಿಟ್ಟ ಸದ್ದು ಕೇಳಿತು. ಲೋಲಾಕ್ಷಿಯಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಯಾರನ್ನೂ ನೋಡದೆ, ನಾನು ಅಂದಳು.

ನಾನು. ಸುಳ್ಳಲ್ಲ. ಎರಡು ಬೇಸಿಗೆಯಿಂದ ಒತ್ತಿದ್ದು ಅವಳೇ, ಲಕ್ವ ಹೊಡೆದು ಶೀಲಾವತಿಯಕ್ಕನ ಬಲಗೈ ಬಿದ್ದಮೇಲೆ, ಯಾರೂ ಹೇಳದೆ, ಒಂದು ಬೆಳಗ್ಗೆ ಬಂದು ಮಣೆಯ ಮುಂದೆ ಕೂತದ್ದು, ನಾವೆಲ್ಲ ಉಂಡೆ ಕಟ್ಟಿ ಕೊಟ್ಟದ್ದು. ಹಪ್ಪಳ ಹೋಗುವುದು ಶೀಲಾವತಿಯಕ್ಕನ ಹೆಸರಲ್ಲೇ, ಅಂಗಡಿಯಲ್ಲಿ ಮೊದಲು ಮುಗಿಯುವುದೂ ಅದೇ, ಗಿರಾಕಿಗಳು ಕೆಳಗೆ ಬರೆಯುತ್ತಾರೆ, ಶೀಲಾವತಿಯಕ್ಕನ ಕೈಗುಣ ಒಂದಿಷ್ಟೂ ಬದಲಾಗಿಲ್ಲ, ಎಣ್ಣೆಗೆ ಬಿಟ್ಟರೆ ಅಂಚಿನವರೆಗೂ ಒಂದೇ ಸಮ ಅರಳುತ್ತದೆ, ನಾನು ಇದನ್ನು ಓದಿ ಹೇಳಿದಾಗ ಲೋಲಾಕ್ಷಿಯಕ್ಕ ಮಣೆಯಿಂದ ತಲೆ ಎತ್ತದೆ, ನನ್ನ ಕೈ ಅವರ ಹೆಸರಲ್ಲಿ ಹುಷಾರಾಗಿ ಉಂಟು ಅಂತಾಯ್ತು, ಅಂದಿದ್ದಳು, ಅವತ್ತು ಎಲ್ಲರೂ ನಕ್ಕಿದ್ದೆವು. ಈಗ ಯಾರೂ ನಗುವುದಿಲ್ಲ. ಬೆಳಗ್ಗೆ ಒರಳಿನ ಹತ್ತಿರ ಅವಳೊಬ್ಬಳೇ ಸಿಕ್ಕಿದಳು, ನಾನು ಬಾಯಿ ತೆರೆಯುವ ಮೊದಲೇ, ನನ್ನ ಹೆಸರು ಹಾಕು ಅಂತ ನಾನು ಹೇಳಿದೆನಾ ಭವಿತಾ, ಕೇಳಿದ್ದಕ್ಕೆ ಹೇಳಿದ್ದು, ಅಂದಳು. ಒನಕೆ ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಪೆಟ್ಟು ಹಾಕಿ ನಿಲ್ಲಿಸಿದಳು — ಆದರೆ ಹಾಕಿದರೆ ಬೇಡ ಅಂತ ಹೇಳುದಿಲ್ಲ. ಅಷ್ಟೇ ಅಂದದ್ದು, ತಪ್ಪೇನುಂಟು ಅದರಲ್ಲಿ, ಅವಳ ಮಗಳು ಮೊನ್ನೆ ಮೊಬೈಲಿನಲ್ಲಿ ನಮ್ಮ ಅಂಗಡಿ ತೆಗೆದು ಅಮ್ಮ ನೀನು ಎಲ್ಲಿದ್ದೀ ಇದರಲ್ಲಿ ಅಂತ ಕೇಳಿದಳಂತೆ. ಬಾಡಿಗೆಯದ್ದು ಆರಿಸಿದರೆ ಈ ತೊಂದರೆಯೇ ಇಲ್ಲ, ಯಾರ ಹೆಸರೂ ಇಲ್ಲದಲ್ಲಿ ಯಾರ ಹೆಸರು ಅಳಿಸಿತು ಅಂತ, ಎಲ್ಲ ಬಳಗದ್ದು, ರಾತ್ರಿ ನಿದ್ದೆಯಾದರೂ ಬರುತ್ತಿತ್ತು, ಆದರೆ ಹೆಸರಿಲ್ಲದ ಹಪ್ಪಳವನ್ನು ಎಲ್ಲಿ ಬೇಕಾದರೂ ಒಣಗಿಸಬಹುದು, ಲೋಲಾಕ್ಷಿಯಕ್ಕನ ಪ್ಲಾಸ್ಟಿಕ್ ಮಾಡಿನಡಿಯಲ್ಲಿ ಮಳೆಯ ಹೆದರಿಕೆಯೂ ಇಲ್ಲ, ಹುಣಿ ದಾಟಿಸಿ ಈ ಅಂಗಳಕ್ಕೆ ಯಾಕೆ ಹೊರಬೇಕು, ಒಂದು ವರ್ಷ ಬರುತ್ತಾರೆ, ಮರುವರ್ಷ ಕಾಲುನೋವು ಅನ್ನುತ್ತಾರೆ, ಆಮೇಲೆ ಆ ಕುರ್ಚಿ, ಆ ಬೆತ್ತ, ಓಡಿಸಲು ಕಾಗೆಯೂ ಬರುವುದಿಲ್ಲ. ಸ್ವಂತದ್ದು ಆರಿಸಿದರೆ ಲೋಲಾಕ್ಷಿಯಕ್ಕನ ಹೆಸರಿಗೆ ಹಪ್ಪಳ ಹೋಗುತ್ತದೆ, ಶೀಲಾವತಿಯಕ್ಕನ ಪುಟದಲ್ಲಿ ದಾಸ್ತಾನು ಇಲ್ಲ, ದಾಸ್ತಾನು ಇಲ್ಲದ ಪುಟ ತನ್ನಷ್ಟಕ್ಕೆ ಅಡಗುತ್ತದೆ ಅಂತ ಹರ್ಷಿತ್ ಹೇಳಿದ್ದಾನೆ, ಒಳ್ಳೆಯ ಸೌಕರ್ಯ ಅದು ಅಂತಲೇ ಹೇಳಿದ್ದು. ಎರಡೂ ಕಡೆಯಿಂದ ಬಂದು ನಿಲ್ಲುವುದು ಆ ಕುರ್ಚಿಯ ಮುಂದೆ. ಮತ್ತು ನಾನು, ಎಲ್ಲರಿಗಿಂತ ಮೊದಲು ಶೀಲಾವತಿಯಕ್ಕನಿಗೆ ಮುಯ್ಯಿ ತೀರಿಸಬೇಕಾದವಳು ನಾನು — ನಮ್ಮವರ ಬೈಕ್ ಜಾಲ್ಸೂರಿನ ಹತ್ತಿರ ಬಿದ್ದ ವರ್ಷ, ಆಸ್ಪತ್ರೆಯ ವರಾಂಡದಲ್ಲಿ ಬೇಸಿಗೆ ಕಳೆದ ವರ್ಷ, ಮನೆಗೆ ಬಂದು ಅಟ್ಟ ಹತ್ತಿದರೆ ಡಬ್ಬ ಡಬ್ಬ ಹಪ್ಪಳ, ನಮ್ಮ ಅಂಗಳದಲ್ಲೇ ಒತ್ತಿ ಒಣಗಿಸಿ ಕಟ್ಟಿ ಇಟ್ಟದ್ದು, ಅತ್ತೆ ಹೇಳಿದರು, ಶೀಲಾವತಿ ಎಲ್ಲರನ್ನೂ ಕರೆದುಕೊಂಡು ಬಂದಳು, ನೀರು ಕೂಡ ಅವಳೇ ಸೇದಿಕೊಂಡಳು. ಆ ಮುಯ್ಯಿಗೆ ಅವಳು ಕರೆಯಬೇಕು, ಕರೆಯದೆ ಹೋಗಿ ತೀರಿಸುವ ಕ್ರಮ ಇಲ್ಲ, ಅವಳು ಕರೆಯುವ ಮೊದಲು ಕೈ ಬಿತ್ತು, ಕೈ ಬಿದ್ದಮೇಲೆ ಅವಳು ಯಾರನ್ನೂ ಕರೆಯಲಿಲ್ಲ, ನಾವಾಗಿ ಬಂದು ಗುದ್ದಿದ್ದು ಮುಯ್ಯಿಯ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆಯ ದಿನ ಅವಳ ಫೋನಿಗೆ ಒಟಿಪಿ ನಂಬರ್ ಬಂದಿತ್ತು, ಒತ್ತಬೇಕು, ಖಾತೆ ಅವಳದ್ದೇ ಅಂತ ಖಾತ್ರಿಗೆ, ನಾನು ಒತ್ತುತ್ತೇನೆ ಕೊಡಿ ಅಂದರೆ ಕೊಡಲಿಲ್ಲ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯ ಹೆಬ್ಬೆರಳಿನಲ್ಲಿ ಒಂದೊಂದೇ ಅಂಕಿ, ಹುಡುಕಿ, ಅದುಮಿ, ಅಷ್ಟರಲ್ಲಿ ಸಮಯ ಮೀರಿತು, ಇನ್ನೊಂದು ನಂಬರ್ ಬಂತು, ಮತ್ತೆ ಹೆಬ್ಬೆರಳು.

ಭವಿತಾ. ಕುರ್ಚಿಯಿಂದ ಕರೆದದ್ದು, ಮಾತು ಈಗಲೂ ಒಂದು ಬದಿಗೆ ವಾಲುತ್ತದೆ, ಮನೆಮಾತು ಅರೆಭಾಷೆಯಲ್ಲಿ ಏನೋ ಶುರುಮಾಡಿ, ಲೋಲಾಕ್ಷಿಯಕ್ಕ ಕೇಳುತ್ತಾಳೆಂದೋ ಕೇಳಲೆಂದೋ ಕನ್ನಡಕ್ಕೆ ತಿರುಗಿತು. ಅದರಲ್ಲಿ ನನ್ನ ಹೆಸರು ಉಂಟಲ್ಲ. ಪ್ರಶ್ನೆಯೋ ಅಲ್ಲವೋ ಗೊತ್ತಾಗಲಿಲ್ಲ. ಮಣೆಯ ಸದ್ದು ನಿಂತಿತು. ಬೇಡ ಅನ್ನಬಹುದಿತ್ತಲ್ಲ ಅವಳು, ನನಗೆಂತಕೆ ಇನ್ನು ಹೆಸರು, ಒತ್ತಿದವರದ್ದು ಹಾಕಿ ಅಂತ, ದೊಡ್ಡವರು ಹಾಗೆ ಹೇಳುತ್ತಾರೆ, ನಾನು ಕಾದಿದ್ದೆ ಅದಕ್ಕೇ, ವಾರದಿಂದ ಕಾದಿದ್ದೆ, ಅವಳು ಹೇಳಿದರೆ ನನ್ನ ತಲೆಭಾರ ಇಳಿಯುತ್ತಿತ್ತು — ಹೇಳಲಿಲ್ಲ, ಅವಳಿಗೆ ಹೆಸರು ಬೇಕು, ನೇರವಾಗಿ ಬೇಕು, ಬೆತ್ತವನ್ನು ನೆಲಕ್ಕೆ ಊರಿ ನನ್ನನ್ನೇ ನೋಡುತ್ತಿದ್ದಾಳೆ. ಉಂಟು ಅಕ್ಕ, ಅಂದೆ. ಎಲ್ಲಿಂದ ಬಂತೋ ಆ ಉಂಟು. ಮಣೆಯ ಸದ್ದು ಮತ್ತೆ ಶುರುವಾಯಿತು, ಸ್ವಲ್ಪ ಜೋರಾಗಿ, ಮಾವಿನ ಬುಡದಲ್ಲಿ ಜತ್ತಪ್ಪಣ್ಣ ಎಣ್ಣೆ ಕೈಯನ್ನು ಎರಡೆರಡು ಸಲ ಒರೆಸುತ್ತಾನೆ, ಅಷ್ಟರಲ್ಲಿ ಫೋನ್. ಹರ್ಷಿತ್. ಸಂಜೆ ಅಂದವನು ಮಧ್ಯಾಹ್ನಕ್ಕೇ. ಭವಿತಕ್ಕಾ ಎಂತಾಯ್ತು, ಬಾಡಿಗೆಯದ್ದಾ ಸ್ವಂತದ್ದಾ. ಸ್ವಂತದ್ದು. ನೋಡಿಕೊಳ್ಳುದು ಯಾರು ಮತ್ತೆ, ವಾರಕ್ಕೊಮ್ಮೆಯಾದರೂ ಕೂತು ನೋಡಬೇಕು ಅದನ್ನು. ನಾನು. ಸರಿ, ಆ ಹಪ್ಪಳದ್ದು ಯಾರ ಹೆಸರಿಗೆ. ಲೋಲಾಕ್ಷಿಯಕ್ಕನಿಗೆ ಒಂದು ಪುಟ ಮಾಡು, ಅವರು ಒತ್ತಿದ್ದೆಲ್ಲ ಅವರ ಹೆಸರಿಗೆ. ಆಚೆ ಮಣೆಯ ಹಿಡಿ ಅರ್ಧದಲ್ಲಿ ನಿಂತದ್ದು ಕಾಣಿಸಿತು, ನಾನು ಆ ಕಡೆ ನೋಡಲಿಲ್ಲ. ಹಾಗಾದ್ರೆ ಶೀಲಾವತಿಯಕ್ಕನದ್ದು ತೆಗೆಯುದಾ. ಬೇಡ, ಅದು ಇರಬೇಕು. ಅಕ್ಕ ಇರಬೇಕಾದರೆ ಅದರಲ್ಲಿ ಹಪ್ಪಳ ಬೇಕಲ್ಲ, ಯಾರು ಒತ್ತಿದ್ದು ಹಾಕುದು. ನಾನು ಒತ್ತಿದ್ದು, ಅಂದೆ. ನಿಮ್ಮದು ನಿಮ್ಮ ಹೆಸರಲ್ಲೇ ಉಂಟಲ್ಲ. ಅದನ್ನು ತೆಗಿ. ಫೋನಿನಲ್ಲಿ ಪುತ್ತೂರಿನ ಬಸ್ಸೊಂದು ಹಾರ್ನ್ ಹೊಡೆಯಿತು. ಅಕ್ಕ, ಬೇಜಾರು ಮಾಡ್ಬೇಡಿ, ನಿಮ್ಮ ಹಪ್ಪಳಕ್ಕೆ ಗಿರಾಕಿಗಳು ಐದಕ್ಕೆ ಎರಡೇ ನಕ್ಷತ್ರ ಕೊಟ್ಟಿರುದು. ಗೊತ್ತುಂಟು. ಆ ಹೆಸರಿನ ಕೆಳಗೂ ಬರೀತಾರೆ ಜನ. ಬರೆಯಲಿ, ಅಂಗಳ ಅವರದ್ದೇ, ಬಿಸಿಲು ಅಲ್ಲಿಯದ್ದೇ, ನೀನು ಮಾಡು.

ಫೋನ್ ಇಟ್ಟು ಲ್ಯಾಪ್‌ಟಾಪ್ ಮುಚ್ಚಿದೆ. ಎಂತ ಹೇಳಿಬಿಟ್ಟೆ, ಒತ್ತುವುದೆಂದರೆ ಇನ್ನು ಪ್ರತಿ ಬೇಸಿಗೆ, ನಮ್ಮ ಮನೆಯ ಕೆಲಸ ಮುಗಿಸಿ, ವಾರಕ್ಕೊಮ್ಮೆ ಆ ಸಿಸ್ಟಂನ ಮಾಡು ಹತ್ತಿ, ಮುಯ್ಯಿ ತೀರಿಸುವುದೋ ಮುಯ್ಯಿಯೊಳಗೆ ಹೋಗಿ ಕೂರುವುದೋ. ಜತ್ತಪ್ಪಣ್ಣ ಮೊದಲು ಮಾತಾಡಿದ್ದು, ಹಾಗಾದ್ರೆ ಇನ್ನು ಗಿರಾಕಿಗಳಿಗೆ ಹಲ್ಲು ಗಟ್ಟಿ ಬೇಕು ಮಾರಾಯ್ತಿ, ಯಾರೂ ನಗದಿದ್ದಾಗ ಇನ್ನೊಂದು ಕಾಯಿ ಹತ್ತಿರ ಎಳೆದುಕೊಂಡ. ಲೋಲಾಕ್ಷಿಯಕ್ಕ ಹಿಡಿದ ಉಂಡೆ ಮುಗಿಸಿದಳು, ಚಾಪೆಗೆ ಕವುಚಿದಳು, ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು, ನಾಳೆಯಿಂದ ನಾನು ನಮ್ಮಲ್ಲೇ ಹಾಕುದು, ಅಲ್ಲಿ ಮಾಡು ಉಂಟಲ್ಲ, ಅಂದಳು, ಜಗಳದ ಧ್ವನಿಯಲ್ಲಿ ಅಲ್ಲ, ನಾಳೆ ಸೋಮವಾರ ಅನ್ನುವ ಹಾಗೆ. ಹೂಂ ಅಂದೆ. ಇವತ್ತಿನದ್ದು ಇವತ್ತಿಗೆ, ಈ ಚಾಪೆಗಳೆಲ್ಲ ಶೀಲಾವತಿಯಕ್ಕನದ್ದೇ, ಅಂದಳು. ಹೂಂ. ಬಾ ಕೂತುಕೋ, ಅಂತ ಮಣೆಯ ಮುಂದಿನ ಜಾಗ ಬಿಟ್ಟಳು, ಅವಳು ಕೂತಿದ್ದ ಜಾಗದ ಬಿಸಿ ಇನ್ನೂ ಇತ್ತು. ನಾಳೆ ಇಲ್ಲಿ ಎಷ್ಟು ಚಾಪೆ ಉಳಿಯುತ್ತದೆ, ಒಂದು, ನನ್ನದು, ಹೆಚ್ಚೆಂದರೆ ಎರಡು. ಉಂಡೆ ಇಟ್ಟೆ. ಹಿಡಿ ಒತ್ತಿದೆ. ನೋಡುವಾಗ ಎಷ್ಟು ಹಗುರ, ಒತ್ತುವಾಗ ಹಿಟ್ಟು ಒಂದು ಬದಿಗೆ ಓಡುತ್ತದೆ, ಆ ಬದಿಗೆ ವಾಲಿಸಿದರೆ ಈ ಬದಿಗೆ. ಹಾಳೆ ಎತ್ತಿ ಕೈಯ ಮೇಲೆ ಹಾಕಿಕೊಂಡೆ, ಗುಂಡಗೆ ಕಾಣುತ್ತದೆ, ದೂರದಿಂದ ನೋಡಿದರೆ ಗುಂಡಗೇ, ಶೀಲಾವತಿಯಕ್ಕ ಎಡಗೈ ಚಾಚಿದಳು, ಬೆತ್ತ ಕುರ್ಚಿಯಿಂದ ಜಾರಿ ಬಿತ್ತು, ಹೆಕ್ಕಲಿಲ್ಲ ಯಾರೂ. ಹಾಳೆ ಸಮೇತ ಅವಳ ಮಡಿಲಿಗೆ ಒಯ್ದು ಹಿಡಿದೆ. ಎಡ ಹೆಬ್ಬೆರಳು ಅಂಚಿನ ಮೇಲೆ ಇಳಿಯಿತು, ಮೆಲ್ಲಗೆ ಸುತ್ತುತ್ತ ಹೋಯಿತು, ತೆಳು, ತೆಳು, ಸರಿ, ನಿಂತಿತು. ದಪ್ಪ, ಅಂದಳು. ಮಡಚಿ ಉಂಡೆ ಮಾಡಿದೆ, ಮತ್ತೆ ಇಟ್ಟೆ, ಮತ್ತೆ ಒತ್ತಿದೆ, ಒಯ್ದೆ, ಲೋಲಾಕ್ಷಿಯಕ್ಕ ಸೆರಗು ಕೊಡವಿ ಹುಣಿ ಇಳಿದು ಹೋಗುವುದು ಕಣ್ಣಂಚಿಗೆ ಕಂಡಿತು, ಹೆಬ್ಬೆರಳು ಇಳಿಯಿತು, ಸುತ್ತಿತು, ನಿಂತಿತು. ದಪ್ಪ. ಮತ್ತೊಂದು. ಈ ಬೇಸಿಗೆಯಲ್ಲಿ ಆಗುವುದಲ್ಲ ಇದು, ಮುಂದಿನದ್ದರಲ್ಲೂ ಆಗದು, ಅಷ್ಟರಲ್ಲಿ ಆ ಹೆಸರಿನ ಕೆಳಗೆ ಯಾರ್‍ಯಾರು ಏನೇನು ಬರೆದಿರುತ್ತಾರೋ, ಗುಡ್ಡದ ಹಿಂದೆ ಗುಡುಗಿದ ಹಾಗಾಯಿತು, ಚಾಪೆ ಎತ್ತಬೇಕು, ಏಳಬೇಕು, ಹೆಬ್ಬೆರಳು ಅಂಚಿನ ಮೇಲೆ ಉಂಟು, ಸುತ್ತುತ್ತ ಬರುತ್ತಿದೆ, ಬಂತು, ಅಲ್ಲೇ ನಿಂತಿತು.